ಬಯಲುಸೀಮೆಯಲ್ಲೊಂದು ದೋಣಿಸಂಘ

ಶಿರಹಟ್ಟಿಯಂತಹ ಬಯಲುಸೀಮೆಯ ಊರಿನಲ್ಲಿ ಮಾದರಿ ದೋಣಿಗಳ ಸಂಘವೊಂದನ್ನು ಕಟ್ಟಬೇಕೆಂದರೆ ಕೇಳಿದವರು ನಕ್ಕಾರು. ಬೇಸಗೆಯಲ್ಲಿ ಕುಡಿಯುವ ನೀರಿಗೇ ಪರದಾಡುವ ನಾಡಿನಲ್ಲಿ ಆಟದ ದೋಣಿಗೆ ನೀರೆಲ್ಲಿಯದು? ದೋಣಿಯಾಟದಲ್ಲಿ ಕಾಲ ಕಳೆಯುವ ಹುಡುಗರಿಗೆ ಪರೀಕ್ಷೆಯಲ್ಲಿ ಅಂಕಗಳೆಲ್ಲಿಯವು? ಈ ಎರಡು ಆಕ್ಷೇಪಗಳೂ ಸಹಜವಾದವು. ಆದರೂ ನಮ್ಮ ಪ್ರೌಢಶಾಲೆಗಳಲ್ಲಿಯೂ ಮಹಾವಿದ್ಯಾಲಯಗಳಲ್ಲಿಯೂ ಇಂತಹ ಸಂಘಗಳು ಹುಟ್ಟಬೇಕೆಂದೂ, ಅವು ಪ್ರದರ್ಶನಕ್ಕಾಗಿಯಲ್ಲದೆ ಅಳತೆಗಾಗಿ ದೋಣಿಗಳನ್ನು ಕಟ್ಟಬೇಕೆಂದೂ ವಾದಿಸುವುದೇ ಈ ಲೇಖನದ ಉದ್ದೇಶ.

ಈ ಹವ್ಯಾಸ ಹೊಸದಲ್ಲ. ಲಂಡನ್ನಿನ ವಿಕ್ಟೋರಿಯಾ ಉದ್ಯಾನದ ಕೊಳದಲ್ಲಿ ಮಾದರಿ ಉಗಿದೋಣಿಗಳನ್ನು ಓಡಿಸುವ ಸಂಘವೊಂದು 1904ರಲ್ಲಿಯೇ ಸ್ಥಾಪನೆಯಾಯಿತು. ನಮ್ಮ ದೇಶದಲ್ಲಿ ಎನ್.ಸಿ.ಸಿ.ಯ ನೌಕಾವಿಭಾಗದ ಶಿಬಿರಗಳಲ್ಲಿ ಹಡಗಿನ ಮಾದರಿಗಳ ನಿರ್ಮಾಣವು ಒಂದು ಸ್ಪರ್ಧಾವಿಷಯವಾಗಿದೆ. ಆದರೆ ಒಳನಾಡಿನ ನಮ್ಮ ಶಾಲೆಗಳ ವಿಜ್ಞಾನ ಪ್ರದರ್ಶನಗಳಲ್ಲಿ ಕಾಣುವ ಹಡಗು ಸಾಮಾನ್ಯವಾಗಿ ಥರ್ಮೋಕೋಲಿನದು. ಅದಕ್ಕೆ ಬಣ್ಣವುಂಟು, ಧ್ವಜವುಂಟು; ಮೇಜಿನಿಂದಿಳಿದು ನೀರನ್ನು ಮುಟ್ಟುವ ಯೋಗ ಮಾತ್ರ ಅದಕ್ಕಿಲ್ಲ. ನೀರಿಗಿಳಿಯದ ದೋಣಿ ಗೊಂಬೆಯೇ ಹೊರತು ದೋಣಿಯಲ್ಲ.

ಸಣ್ಣ ದೋಣಿಯಿಂದ ದೊಡ್ಡ ಹಡಗಿನ ಸ್ವಭಾವವನ್ನು ಅರಿಯಬಹುದೆಂಬುದನ್ನು ತೋರಿಸಿಕೊಟ್ಟವನು ಇಂಗ್ಲೆಂಡಿನ ವಿಲಿಯಂ ಫ್ರೌಡ್. ಈತ 1867ರಲ್ಲಿ ಎರಡು ಆಕಾರದ ದೋಣಿಗಳನ್ನು 3, 6 ಮತ್ತು 12 ಅಡಿಗಳ ಉದ್ದದಲ್ಲಿ ಮಾಡಿಸಿ ನದಿಯಲ್ಲಿ ಎಳೆಸಿ ನೋಡಿದನು. ಒಂದು ಆಕಾರದ ಮೂತಿ ಚೂಪು, ಇನ್ನೊಂದರದು ಮೊಂಡು. ಚೂಪಾದುದೇ ಸದಾ ಮೇಲೆಂದು ಯಾರಾದರೂ ಊಹಿಸಬಹುದು. ಆದರೆ ವೇಗ ಹೆಚ್ಚಿದಾಗ ಮೊಂಡು ದೋಣಿಗೇ ನೀರಿನ ತಡೆ ಕಡಮೆಯಾಗಿತ್ತು! ಜಾನ್ ಸ್ಕಾಟ್ ರಸೆಲ್ಲನಂತಹ ಹಿರಿಯ ನೌಕಾಶಿಲ್ಪಿ ಸಣ್ಣ ಮಾದರಿಗಳ ಪ್ರಯೋಗವನ್ನು ನಂಬಲಿಲ್ಲ. ಫ್ರೌಡ್ ಧೃತಿಗೆಡದೆ ಟಾರ್ಕಿ ಎಂಬ ಊರಿನಲ್ಲಿ ತನ್ನ ಮನೆಯ ಬಳಿ ಉದ್ದನೆಯ ನೀರಿನ ತೊಟ್ಟಿಯೊಂದನ್ನು ಕಟ್ಟಿಸಿ 1872ರಲ್ಲಿ ಪ್ರಯೋಗಗಳನ್ನು ಆರಂಭಿಸಿದನು. ಇಂದಿಗೂ ಹೊಸ ಹಡಗುಗಳ ಮಾದರಿಗಳನ್ನು ಇಂತಹ ತೊಟ್ಟಿಗಳಲ್ಲಿ ಎಳೆದು ಪರೀಕ್ಷಿಸುತ್ತಾರೆ.

ಫ್ರೌಡನ ನಿಯಮವನ್ನು ಹೀಗೆ ಹೇಳಬಹುದು: ಒಂದೇ ಆಕಾರದ ಎರಡು ದೋಣಿಗಳು ಒಂದೇ ರೂಪದ ಅಲೆಗಳನ್ನು ಎಬ್ಬಿಸಬೇಕಾದರೆ, ಅವುಗಳ ವೇಗಗಳು ಉದ್ದಗಳ ವರ್ಗಮೂಲಕ್ಕೆ ಅನುಪಾತದಲ್ಲಿರಬೇಕು. 10 ಮೀಟರ್ ಉದ್ದದ ದೋಣಿಯೊಂದು ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಚಲಿಸುತ್ತದೆ ಎನ್ನೋಣ. ಅದರ ಇಪ್ಪತ್ತೈದರಲ್ಲೊಂದು ಪಾಲಿನ, ಎಂದರೆ 40 ಸೆಂಟಿಮೀಟರ್ ಉದ್ದದ ಮಾದರಿ ಸೆಕೆಂಡಿಗೆ 1 ಮೀಟರ್ ಚಲಿಸಿದರೆ ಸಾಕು. ತೂಕವಾದರೋ ಉದ್ದದ ಘನವನ್ನು ಅನುಸರಿಸುವುದು: ದೊಡ್ಡ ದೋಣಿ 5,000 ಕಿಲೋಗ್ರಾಂ ಇದ್ದರೆ ಮಾದರಿ ಕೇವಲ 320 ಗ್ರಾಂ ಇರಬೇಕು. ಕಾಲವೂ ಕುಗ್ಗುತ್ತದೆ, ದೊಡ್ಡ ದೋಣಿ 5 ಸೆಕೆಂಡಿಗೊಮ್ಮೆ ಓಲಾಡಿದರೆ ಮಾದರಿ ಸೆಕೆಂಡಿಗೊಮ್ಮೆ ಓಲಾಡುವುದು. ಚಲನಚಿತ್ರಗಳಲ್ಲಿ ಪುಟ್ಟ ಹಡಗಿನ ದೃಶ್ಯವನ್ನು ನಿಧಾನಗೊಳಿಸಿ ತೋರಿಸುವುದು ಇದೇ ಕಾರಣಕ್ಕಾಗಿ. ನೀರಿನ ಘರ್ಷಣೆ ಮಾತ್ರ ಈ ನಿಯಮಕ್ಕೆ ಒಳಪಡುವುದಿಲ್ಲ. ಆದುದರಿಂದ ಫ್ರೌಡ್ ಹಲಗೆಗಳನ್ನು ನೀರಿನಲ್ಲಿ ಎಳೆದು ಅದನ್ನು ಬೇರೆಯಾಗಿ ಅಳೆದನು.

ಇದನ್ನು ನಮ್ಮ ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ಇಟ್ಟಿಗೆಗಳನ್ನು ಜೋಡಿಸಿ ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿದರೆ 4 ಮೀಟರ್ ಉದ್ದ, 60 ಸೆಂಟಿಮೀಟರ್ ಅಗಲದ ತೊಟ್ಟಿ ಸಿದ್ಧವಾಗುವುದು. ಅದರಲ್ಲಿ 20 ಸೆಂಟಿಮೀಟರ್ ಆಳಕ್ಕೆ ನೀರು ತುಂಬಲಿ. ದೋಣಿಗೆ ದಾರ ಕಟ್ಟಿ, ಅದನ್ನು ತುದಿಯ ರಾಟೆಗಳ ಮೇಲೆ ಹಾಯಿಸಿ, ಎತ್ತರದಿಂದ ಒಂದು ಸಣ್ಣ ತೂಕವನ್ನು ಇಳಿಬಿಡಲಿ. ದೋಣಿಯ ವೇಗ ಸ್ಥಿರವಾದಾಗ, ರಾಟೆಗಳ ಘರ್ಷಣೆಯನ್ನು ಕಳೆದರೆ, ಆ ತೂಕವೇ ನೀರಿನ ತಡೆ. 20 ಮತ್ತು 40 ಸೆಂಟಿಮೀಟರಿನ ಒಂದೇ ಆಕಾರದ ಎರಡು ದೋಣಿಗಳಿರಲಿ. ಚಿಕ್ಕದು ಸೆಕೆಂಡಿಗೆ 40 ಸೆಂಟಿಮೀಟರ್ ಸಾಗುವಾಗ ಅದರ ಪಕ್ಕದ ಅಲೆಗಳ ಶಿಖರಗಳ ನಡುವೆ ಸುಮಾರು 10 ಸೆಂಟಿಮೀಟರ್ ಅಂತರವಿರುವುದು. ದೊಡ್ಡದು ಸುಮಾರು 57 ಸೆಂಟಿಮೀಟರ್ ವೇಗದಲ್ಲಿ ಸಾಗುವಾಗ ಆ ಅಂತರ 20 ಆಗುವುದು. ಪುಸ್ತಕದಲ್ಲಿ ಒಣಗಿದಂತೆ ಕಾಣುವ ವರ್ಗಮೂಲವು ಆಗ ಕಣ್ಣೆದುರಿಗೆ ನೀರಿನ ಮೇಲೆ ಮೂಡುವುದು.

ಮೊದಲ ಮಾದರಿ ಯುದ್ಧನೌಕೆಯದೇ ಆಗಬೇಕಾಗಿಲ್ಲ. ನಮ್ಮ ತುಂಗಭದ್ರೆಯ ಹರಿಗೋಲಿಗಿಂತ ಉತ್ತಮವಾದ ಪಾಠ ಮತ್ತೊಂದಿಲ್ಲ. ಬಿದಿರಿನ ದಬ್ಬೆಗಳಿಂದ ಹೆಣೆದು, ಹಿಂದೆ ಚರ್ಮವನ್ನೂ ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರನ್ನೂ ಹೊದಿಸುವ ಈ ದುಂಡು ದೋಣಿಯ ವ್ಯಾಸ 2 ಮೀಟರ್, ತಳ ಚಪ್ಪಟೆ ಎಂದಿಟ್ಟುಕೊಳ್ಳೋಣ. ಆಗ 62 ಕಿಲೋಗ್ರಾಂ ತೂಕದ ಒಬ್ಬೊಬ್ಬ ಮನುಷ್ಯನಿಗೂ ಅದು 2 ಸೆಂಟಿಮೀಟರಿನಷ್ಟು ಮುಳುಗುವುದು. ಎಂಟು ಜನ ಕುಳಿತರೆ 16 ಸೆಂಟಿಮೀಟರ್. ಈ ಲೆಕ್ಕ ನೋಡಿದರೆ ಭಯವೇನೂ ಇಲ್ಲ. ಆದರೆ ಅವರೆಲ್ಲರೂ ಒಂದೇ ಪಕ್ಕಕ್ಕೆ ಸರಿದರೆ? 20 ಸೆಂಟಿಮೀಟರ್ ವ್ಯಾಸದ ಮಾದರಿಯಲ್ಲಿ ಮನುಷ್ಯನೊಬ್ಬನಿಗೆ 62 ಗ್ರಾಮಿನ ಕಲ್ಲೊಂದರಂತೆ ಇಟ್ಟು, ಕಲ್ಲುಗಳನ್ನು ಸರಿಸುತ್ತ ಹೋದರೆ ಅಂಚು ಯಾವ ಗಳಿಗೆಯಲ್ಲಿ ನೀರನ್ನು ಮುಟ್ಟುವುದೆಂದು ಕಾಣಬಹುದು. ನದಿ ದಾಟುವ ಜನರಿಗೆ ಇದು ಆಟದ ಮಾತಲ್ಲ, ಪ್ರಾಣದ ಮಾತು. ಹರಿಗೋಲು ಹೆಣೆಯಬಲ್ಲವರನ್ನು ಸಂಘಕ್ಕೆ ಕರೆದು ಅವರ ಕೈಚಳಕವನ್ನು ಕಲಿಯುವುದೂ ವಿಜ್ಞಾನ ಶಿಕ್ಷಣವೇ ಸರಿ.

ಇನ್ನು ಆಕ್ಷೇಪಗಳನ್ನು ನೋಡೋಣ. ಮೇಲೆ ಹೇಳಿದ ತೊಟ್ಟಿಗೆ ಬೇಕಾದದ್ದು 480 ಲೀಟರ್, ಎಂದರೆ ಎರಡೂವರೆ ಬ್ಯಾರೆಲ್ ನೀರು. ಪ್ರಯೋಗ ಮುಗಿದ ಮೇಲೆ ಅದು ಶಾಲೆಯ ಗಿಡಗಳಿಗೆ ಸಲ್ಲುವುದು. ಕೆರೆಯೇ ಬೇಕೆಂದು ಹಟ ಹಿಡಿಯುವವರು ಎರಡು ಎಚ್ಚರಿಕೆಗಳನ್ನು ಮರೆಯಬಾರದು. ಕೃಷಿಹೊಂಡದ ಪ್ಲಾಸ್ಟಿಕ್ ದಡ ಜಾರುವಂಥದು. ಬಿದ್ದವನಿಗೆ ಹತ್ತಿ ಬರುವುದು ಕಷ್ಟ. ಅಲ್ಲಿ ದೋಣಿ ಬಿಡಲೇ ಕೂಡದು. ನಮ್ಮ ಸಮೀಪದ ಮಾಗಡಿ ಕೆರೆಯಾದರೋ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆಯ ಹೆಬ್ಬಾತುಗಳ ಬೀಡು. 2024ರಲ್ಲಿ ಅದು ರಾಮ್‌ಸಾರ್ ತಾಣಗಳ ಪಟ್ಟಿಗೆ ಸೇರಿತು. ಯಂತ್ರದ ದೋಣಿಯ ಸದ್ದು ಅಲ್ಲಿ ಕೇಳಿಸಬಾರದು.

ಅಂಕಗಳ ಮಾತಿಗೆ ಉತ್ತರ ಇಷ್ಟೇ. ಆರ್ಕಿಮಿಡೀಸನ ತತ್ತ್ವವನ್ನು ಬಾಯಿಪಾಠ ಮಾಡಿದವನು ಅದನ್ನು ಪರೀಕ್ಷೆಯ ಮರುದಿನ ಮರೆಯಬಹುದು. ತಾನೇ ಕಟ್ಟಿದ ದೋಣಿ ಲೆಕ್ಕಕ್ಕಿಂತ ಅರ್ಧ ಸೆಂಟಿಮೀಟರ್ ಹೆಚ್ಚು ಮುಳುಗಿದ್ದೇಕೆಂದು ಒಂದು ವಾರ ತಲೆ ಕೆಡಿಸಿಕೊಂಡವನು ಅದನ್ನು ಮರೆಯುವುದು ಸುಲಭವಲ್ಲ. ವಿಜ್ಞಾನಕ್ಕೆ ಬೇಕಾದ ಮನಸ್ಸು ಈ ಎರಡನೆಯವನದು. ಐದಾರು ಜನ ವಿದ್ಯಾರ್ಥಿಗಳು, ಒಬ್ಬ ಉಪಾಧ್ಯಾಯರು, ಒಂದು ತಕ್ಕಡಿ, ಒಂದು ಅಳತೆಪಟ್ಟಿ, ಸೆಕೆಂಡು ತೋರಿಸುವ ಒಂದು ಗಡಿಯಾರ, ಅಳತೆಗಳನ್ನು ಬರೆದಿಡಲು ಒಂದು ವಹಿ: ಇಷ್ಟಿದ್ದರೆ ಸಂಘ ಆರಂಭವಾದಂತೆಯೇ. ಅದಕ್ಕೆ ಕಡಲತೀರದ ಊರೇ ಆಗಬೇಕೆಂಬ ನಿಯಮವೇನೂ ಇಲ್ಲ.