ತೂಕ ನೋಡಿದರೆ ಸಾಲದು, ಕೈ ನೋಡಬೇಕು

‘ತ್ರೀ ಈಡಿಯಟ್ಸ್’ ಸಿನೆಮಾ ನೋಡಿದ್ದೀರಲ್ಲ? 2009ರಲ್ಲಿ ಬಂದದ್ದು. ಅದರಲ್ಲಿ ಹಾಸ್ಟೆಲಿನ ಕಿಟಕಿಯ ತನಕ ಹಾರಿ ಹೋಗುವ ಪುಟ್ಟ ಯಂತ್ರವೊಂದಿದೆ. ಅದನ್ನು ಮಾಡಿಕೊಟ್ಟವರು ನಮ್ಮ ಪೊವಾಯಿ ಐಐಟಿಯಲ್ಲಿ ಓದಿದ ಹುಡುಗರು. 2007ರಲ್ಲಿ ಅವರು ಕಟ್ಟಿದ ಐಡಿಯಾಫೋರ್ಜ್ ಕಂಪನಿ ಈಗ ನವಿಮುಂಬಯಿಯ ಮಹಾಪೆಯಲ್ಲಿದೆ. ಠಾಣೆ-ವಾಶಿ ಲೋಕಲ್ ಹಿಡಿದು ಆ ಕಡೆಯ ಆಫೀಸು, ಕಾರ್ಖಾನೆಗಳಿಗೆ ದಿನಾ ಹೋಗಿಬರುವ ಕನ್ನಡಿಗರು ಎಷ್ಟೋ ಮಂದಿ. 2021ರ ಜನವರಿಯಲ್ಲಿ ನಮ್ಮ ಸೇನೆ ಇದೇ ಕಂಪನಿಯ ‘ಸ್ವಿಚ್’ ಡ್ರೋನುಗಳನ್ನು ಕೊಳ್ಳಲು ಸುಮಾರು 2 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತು.

ಮುಂಬಯಿಗೆ ಬಂದು ಮೂವತ್ತು ವರ್ಷ ದಾಟಿದ ನನ್ನಂಥವನಿಗೆ ಇದು ಹೆಮ್ಮೆಯ ಸಂಗತಿಯೇ. ಆದರೆ ಹೆಮ್ಮೆಯ ಹಿಂದೆಯೇ ಒಂದು ಪ್ರಶ್ನೆಯೂ ಬರುತ್ತೆ. ಇಂಥ ಯಂತ್ರಗಳನ್ನು ನಾವು ಹೊರದೇಶಗಳಿಗೆ ಮಾರಲು ಹೊರಟರೆ, ಯಾರಿಗೆ ಮಾರಬೇಕು, ಯಾರಿಗೆ ಬೇಡ ಎಂದು ತೀರ್ಮಾನಿಸುವವರು ಯಾರು? ಆ ತೀರ್ಮಾನ ನಮಗೆ, ಅಂದರೆ ಮತ ಹಾಕುವವರಿಗೆ, ಗೊತ್ತಾಗುವುದು ಹೇಗೆ?

ಸ್ವಲ್ಪ ಹಿಂದಕ್ಕೆ ಹೋಗೋಣ. ಬಹಳ ವರ್ಷ ನಾವು ಬಾಗಿಲ ಹೊರಗೆ ನಿಂತವರು. ಕ್ಷಿಪಣಿ ಮತ್ತು ದೊಡ್ಡ ಡ್ರೋನುಗಳ ತಂತ್ರಜ್ಞಾನ ಎಲ್ಲರ ಕೈಗೂ ಸಿಗಬಾರದೆಂದು 1987ರಲ್ಲಿ ಕೆಲವು ಶ್ರೀಮಂತ ದೇಶಗಳು ಸೇರಿ ಒಂದು ಕೂಟ ಮಾಡಿಕೊಂಡವು. ಅದರ ಹೆಸರು ಎಂಟಿಸಿಆರ್. 500 ಕಿಲೋ ಹೊತ್ತು 300 ಕಿಲೋಮೀಟರ್ ಹೋಗಬಲ್ಲ ಯಂತ್ರವಾದರೆ ಬಹುಮಟ್ಟಿಗೆ ‘ಇಲ್ಲ’ ಎನ್ನುವುದೇ ಅಲ್ಲಿನ ನಿಯಮ. 2016ರ ಜೂನಿನಲ್ಲಿ ಭಾರತ ಆ ಕೂಟ ಸೇರಿತು. ಅಮೆರಿಕದಿಂದ 31 ಎಂಕ್ಯೂ-9ಬಿ ಡ್ರೋನ್ ಕೊಳ್ಳುವ, ಸುಮಾರು 32,000 ಕೋಟಿ ರೂಪಾಯಿಯ ಒಪ್ಪಂದಕ್ಕೆ ಸಹಿ ಬಿದ್ದದ್ದು 2024ರ ಅಕ್ಟೋಬರಿನಲ್ಲಿ. ‘ನಿಮಗೆ ಕೊಡಬಹುದೋ ಇಲ್ಲವೋ ನೋಡೋಣ’ ಎನ್ನಿಸಿಕೊಳ್ಳುವುದು ಹೇಗಿರುತ್ತೆ ಅನ್ನೋದು ನಮಗೆ ಚೆನ್ನಾಗಿ ಗೊತ್ತು.

ಈಗ ನಾವು ಮೇಜಿನ ಆಚೆ ಬದಿಗೆ ಬಂದಿದ್ದೇವೆ. ನಮ್ಮಲ್ಲೂ ‘ಸ್ಕೋಮೆಟ್’ ಎಂಬ ಒಂದು ಪಟ್ಟಿ ಇದೆ. ಶಾಂತಿಗೂ ಯುದ್ಧಕ್ಕೂ ಒದಗಬಲ್ಲ ವಸ್ತುಗಳ ಪಟ್ಟಿ ಅದು. ಅದರಲ್ಲಿರುವುದನ್ನು ಹೊರಗೆ ಕಳಿಸಬೇಕಾದರೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಲೈಸೆನ್ಸ್ ಬೇಕು. ಅಪ್ಪಟ ಯುದ್ಧಸಾಮಗ್ರಿಯಾದರೆ ರಕ್ಷಣಾ ಉತ್ಪಾದನಾ ಇಲಾಖೆಯ ಅನುಮತಿ ಬೇಕು. ಮೊದಲು ಎಲ್ಲ ಬಗೆಯ ಡ್ರೋನುಗಳೂ ಈ ಪಟ್ಟಿಯಲ್ಲೇ ಇದ್ದವು. 2023ರ ಜೂನಿನಲ್ಲಿ ಸರ್ಕಾರ ಅದನ್ನು ಸಡಿಲಿಸಿತು. 25 ಕಿಲೋಮೀಟರಿಗಿಂತ ಹೆಚ್ಚು ದೂರ ಹೋಗದ, 25 ಕಿಲೋಗಿಂತ ಹೆಚ್ಚು ಹೊರದ, ನಾಗರಿಕ ಬಳಕೆಯ ಡ್ರೋನಾದರೆ ಮೂರು ವರ್ಷಕ್ಕೆ ಒಂದೇ ಲೈಸೆನ್ಸ್ ಸಾಕು, ಕಳಿಸಿದ ಮೇಲೆ ಲೆಕ್ಕ ಒಪ್ಪಿಸಿದರಾಯಿತು.

ಇದರಲ್ಲಿ ತಪ್ಪಿಲ್ಲ. ಹೊಲಕ್ಕೆ ಔಷಧಿ ಹೊಡೆಯುವ ಡ್ರೋನ್ ಮಾಡುವವನನ್ನು ಪ್ರತಿ ಸಲ ದಿಲ್ಲಿಯ ಕಚೇರಿಗೆ ಅಲೆಸುವುದರಲ್ಲಿ ಅರ್ಥವಿಲ್ಲ. ನನ್ನ ತಕರಾರು ಬೇರೆ. ತೂಕ ಮತ್ತು ದೂರ ಎಂಬ ಈ ಅಳತೆಗೋಲು ಕ್ಷಿಪಣಿಗಳ ಕಾಲದ್ದು. ಉಕ್ರೇನಿನ ಯುದ್ಧದಲ್ಲಿ ಏನಾಗಿದೆ ನೋಡಿ. ಒಂದೆರಡು ಕಿಲೋ ಸಿಡಿಮದ್ದು ಹೊತ್ತು ಹತ್ತಿಪ್ಪತ್ತು ಕಿಲೋಮೀಟರ್ ಹಾರುವ ಅಗ್ಗದ ಡ್ರೋನುಗಳು ಟ್ಯಾಂಕುಗಳನ್ನೇ ಸುಟ್ಟಿವೆ. ಕೃಷಿ ಡ್ರೋನುಗಳೇ ರಾತ್ರಿ ಬಾಂಬು ಹಾಕಿವೆ. ಮದುವೆ ವಿಡಿಯೋಕ್ಕೆ ಬಳಸುವಂಥ ಡ್ರೋನುಗಳನ್ನು ಮಾರುವ ಚೀನಾದ ಡಿಜೆಐ ಕಂಪನಿ 2022ರ ಏಪ್ರಿಲ್‌ನಲ್ಲಿ ರಷ್ಯಾ ಮತ್ತು ಉಕ್ರೇನ್ ಎರಡೂ ಕಡೆ ವ್ಯಾಪಾರ ನಿಲ್ಲಿಸಬೇಕಾಯಿತು. 25 ಕಿಲೋ, 25 ಕಿಲೋಮೀಟರಿನ ಗೆರೆಯ ಒಳಗೇ ಇವತ್ತಿನ ಅರ್ಧ ಯುದ್ಧ ನಡೆದುಹೋಗುತ್ತೆ!

ಮುಂಬಯಿಯಲ್ಲಿ ಮನೆ ಬಾಡಿಗೆಗೆ ಕೊಟ್ಟವರಿಗೆ ಇದು ಬೇಗ ಅರ್ಥವಾಗುತ್ತೆ. ಡೊಂಬಿವಲಿಯಲ್ಲಿ ಒಂದು ಫ್ಲ್ಯಾಟ್ ಲೀವ್ ಅಂಡ್ ಲೈಸೆನ್ಸಿಗೆ ಕೊಡುವಾಗ ಬಾಡಿಗೆದಾರನ ಟ್ರಂಕು ಎಷ್ಟು ಭಾರ ಎಂದು ಯಾರೂ ತೂಗುವುದಿಲ್ಲ. ಯಾರು, ಎಲ್ಲಿ ಕೆಲಸ, ಜೊತೆಗೆ ಯಾರಿರುತ್ತಾರೆ ಎಂದು ವಿಚಾರಿಸುತ್ತೇವೆ. ಪೊಲೀಸ್ ಠಾಣೆಗೆ ವಿವರ ಕೊಡುತ್ತೇವೆ. ಆಮೇಲೂ ಸೊಸೈಟಿಯ ಸೆಕ್ರೆಟರಿ ಒಂದು ಕಣ್ಣಿಟ್ಟಿರುತ್ತಾನೆ. ಡ್ರೋನಿನ ವಿಷಯದಲ್ಲೂ ನೋಡಬೇಕಾದ್ದು ಕೊಳ್ಳುವ ಕೈಯನ್ನು, ಆ ಕೈ ಅದನ್ನು ಮುಂದೆ ಯಾರಿಗೆ ದಾಟಿಸುತ್ತೆ ಅನ್ನೋದನ್ನು.

‘ಕೊಳ್ಳುವವರಿಂದ ಸರ್ಟಿಫಿಕೇಟ್ ಬರೆಸಿಕೊಳ್ಳುತ್ತಾರಲ್ಲ’ ಅನ್ನಬಹುದು. ನಿಜ. ಆದರೆ ಕಾಗದ ಎಷ್ಟು ದೂರ ನಂಬಬೇಕು ಅನ್ನೋದಕ್ಕೆ ನಮ್ಮ ನ್ಹಾವಾಶೇವಾ ಬಂದರಿನ ಉದಾಹರಣೆಯೇ ಇದೆ. 2024ರ ಜನವರಿಯಲ್ಲಿ ಚೀನಾದಿಂದ ಕರಾಚಿಗೆ ಹೊರಟಿದ್ದ ಹಡಗನ್ನು ಅಲ್ಲಿ ತಡೆದು, ಕಸ್ಟಮ್ಸ್‌ನವರು ಇಟಲಿ ಕಂಪನಿಯ ಒಂದು ಸಿಎನ್‌ಸಿ ಯಂತ್ರವನ್ನು ಇಳಿಸಿಕೊಂಡರು. ಕಾಗದದಲ್ಲಿದ್ದ ಹೆಸರುಗಳೇ ಬೇರೆ, ನಿಜವಾಗಿ ಕಳಿಸಿದವರು ಮತ್ತು ಪಡೆಯಬೇಕಿದ್ದವರೇ ಬೇರೆ ಎಂದು ನಮ್ಮ ಅಧಿಕಾರಿಗಳು ಹೇಳಿದರು. ಅದು ಬರೀ ವ್ಯಾಪಾರದ ಲೇಥು ಎಂದು ಪಾಕಿಸ್ತಾನ ಹೇಳಿತು. ಬೇರೆಯವರ ಸರಕಿನ ಕಾಗದವನ್ನು ಇಷ್ಟು ಅನುಮಾನದಿಂದ ಓದುವ ನಾವು, ನಮ್ಮದೇ ಸರಕಿನ ಕಾಗದವನ್ನೂ ಅಷ್ಟೇ ಅನುಮಾನದಿಂದ ಓದಬೇಡವೇ?

‘ನಾವು ಮಾರದಿದ್ದರೆ ಟರ್ಕಿ ಮಾರುತ್ತೆ, ಚೀನಾ ಮಾರುತ್ತೆ’ ಎನ್ನುವುದು ಇನ್ನೊಂದು ವಾದ. ಇದೂ ಪೂರ್ತಿ ಸುಳ್ಳಲ್ಲ. ಟರ್ಕಿಯ ಡ್ರೋನುಗಳಿಗೆ ಕ್ಯಾಮೆರಾ ಸೆನ್ಸರ್ ಹೋಗುತ್ತಿದ್ದದ್ದು ಕೆನಡಾದಿಂದ. 2020ರಲ್ಲಿ ಆ ಡ್ರೋನುಗಳು ಅಜರ್ಬೈಜಾನಿನ ಪರವಾಗಿ ನಗೋರ್ನೊ-ಕರಾಬಾಖ್ ಯುದ್ಧದಲ್ಲಿ ಕಾಣಿಸಿಕೊಂಡವು. ಕೆನಡಾ ಮೊದಲು ರಫ್ತು ನಿಲ್ಲಿಸಿತು, ತನಿಖೆ ಮಾಡಿ 2021ರ ಏಪ್ರಿಲ್‌ನಲ್ಲಿ ಲೈಸೆನ್ಸುಗಳನ್ನೇ ರದ್ದು ಮಾಡಿತು. ಟರ್ಕಿ ತನ್ನದೇ ಸೆನ್ಸರ್ ಮಾಡಿಕೊಂಡಿತು. ಹಾಗಾದರೆ ಕೆನಡಾದ ಕೆಲಸ ವ್ಯರ್ಥವೇ? ನನಗೆ ಹಾಗನ್ನಿಸುವುದಿಲ್ಲ. ಅಲ್ಲಿನ ಒಂದು ನಾಗರಿಕ ಸಂಸ್ಥೆ ಮೊದಲೇ ವರದಿ ಬರೆದಿತ್ತು. ತನಿಖೆಯಲ್ಲಿ ಏನು ಸಿಕ್ಕಿತೆಂದು ಸರ್ಕಾರವೂ ಜನರಿಗೆ ಹೇಳಿತು. ತಮ್ಮ ಊರಿನ ಸರಕು ಯಾರ ಮೇಲೆ ಹಾರುತ್ತಿದೆ ಎಂಬುದು ಅಲ್ಲಿಯವರಿಗೆ ಗೊತ್ತಾಯಿತು.

ನಮ್ಮಲ್ಲಿ? 2024-25ರಲ್ಲಿ 23,622 ಕೋಟಿ ರೂಪಾಯಿಯ ರಕ್ಷಣಾ ಸಾಮಗ್ರಿ ರಫ್ತಾಯಿತು ಎಂದು ಸರ್ಕಾರ ದೊಡ್ಡದಾಗಿ ಹೇಳಿತು. ಯಾವ ದೇಶಕ್ಕೆ ಯಾವ ಸಾಮಗ್ರಿ ಎಂಬ ಪೂರ್ತಿ ಪಟ್ಟಿ ಮಾತ್ರ ಇಲ್ಲ. ಹೈದರಾಬಾದಿನಲ್ಲಿ ತಯಾರಾದ ಹರ್ಮಿಸ್ ಡ್ರೋನುಗಳು ಇಸ್ರೇಲಿಗೆ ಹೋದವು ಎನ್ನುವ ಸುದ್ದಿಯನ್ನು 2024ರ ಫೆಬ್ರವರಿಯಲ್ಲಿ ನಾವು ಪತ್ರಿಕೆಗಳಿಂದ ತಿಳಿಯಬೇಕಾಯಿತು. ಇಸ್ರೇಲಿಗೆ ಶಸ್ತ್ರ ರಫ್ತು ನಿಲ್ಲಿಸಿ ಎಂದು ಸುಪ್ರೀಂ ಕೋರ್ಟಿಗೆ ಹೋದವರ ಅರ್ಜಿ ಅದೇ ವರ್ಷದ ಸೆಪ್ಟೆಂಬರಿನಲ್ಲಿ ವಜಾ ಆಯಿತು. ವಿದೇಶಾಂಗ ನೀತಿ ಕೋರ್ಟಿನ ಕ್ಷೇತ್ರವಲ್ಲ ಅಂದರು. ಇರಲಿ, ಒಪ್ಪೋಣ. ಕೋರ್ಟಿನದ್ದಲ್ಲವಾದರೆ ಅದು ಸಂಸತ್ತಿನದ್ದಾಗಲೇಬೇಕಲ್ಲ?

ನಾನು ಕೇಳುವುದು ದೊಡ್ಡದೇನಲ್ಲ. ಬ್ರಿಟನ್ ಮತ್ತು ಜರ್ಮನಿ ತಾವು ಯಾವ ದೇಶಕ್ಕೆ ಎಷ್ಟು ಶಸ್ತ್ರದ ಲೈಸೆನ್ಸ್ ಕೊಟ್ಟೆವೆಂದು ಪ್ರಕಟಿಸುತ್ತವೆ. ಅದರಿಂದ ಅವರ ವ್ಯಾಪಾರವೇನೂ ಮುಳುಗಿಲ್ಲ. ನಮ್ಮ ಸರ್ಕಾರವೂ ವರ್ಷಕ್ಕೊಮ್ಮೆ ಸೇನಾ ಡ್ರೋನುಗಳ ಮಟ್ಟಿಗಾದರೂ ದೇಶವಾರು ಪಟ್ಟಿಯನ್ನು ಸಂಸತ್ತಿನ ಮುಂದಿಡಲಿ. ಮಾರಿದ ಮೇಲೆ ಸರಕು ಹೇಳಿದ ಜಾಗದಲ್ಲೇ ಇದೆಯೇ ಎಂದು ನಮ್ಮ ರಾಯಭಾರ ಕಚೇರಿಯವರು ಹೋಗಿ ನೋಡಿಬರಲಿ. ಜೊತೆಗೆ ಅರ್ಜಿ ಹಾಕಿದ ಸಣ್ಣ ಕಂಪನಿಗೆ ಹೌದು ಅಥವಾ ಇಲ್ಲ ಎಂಬ ಉತ್ತರ ಗೊತ್ತುಪಡಿಸಿದ ದಿನಗಳೊಳಗೆ ಸಿಗಲಿ. ‘ಇಲ್ಲ’ ಅಂದರೆ ಅವನು ಬೇರೆ ಗಿರಾಕಿ ಹುಡುಕುತ್ತಾನೆ, ಉತ್ತರವೇ ಬಾರದಿದ್ದರೆ ಅಂಗಡಿ ಮುಚ್ಚುತ್ತಾನೆ.

ಮಹಾಪೆಯಂಥ ಜಾಗಗಳಲ್ಲಿ ಕೆಲಸ ಮಾಡುವ ನಮ್ಮ ಮಕ್ಕಳಿಗೆ ಅನ್ನದ ಜೊತೆಗೆ ಈ ತಿಳಿವಳಿಕೆಯೂ ಸಿಗಬೇಕು. ತಾವು ಬೆಸುಗೆ ಹಾಕಿದ ಯಂತ್ರ ಕೊನೆಗೆ ಎಲ್ಲಿ ಇಳಿಯಿತು ಎಂದು ಕೇಳುವ ಹಕ್ಕು ಅವರಿಗಿದೆ. ನಿಮಗೇನನ್ನಿಸುತ್ತೆ, ಹೇಳಿ.