ಚಿಕ್ಕ ಅಣುಸ್ಥಾವರವೆಂಬ ದೊಡ್ಡ ಮಾತು



ಅಣುಸ್ಥಾವರ ಇನ್ನು ಮುಂದೆ ಚಿಕ್ಕದಾಗಿ, ಮುದ್ದಾಗಿ ಬರುತ್ತದಂತೆ! ಹೊಗೆಯಿಲ್ಲ, ಕಲ್ಲಿದ್ದಲಿಲ್ಲ, ಊರ ಪಕ್ಕದಲ್ಲೇ ಹಗಲಿರುಳು ಕರೆಂಟು. ಕೇಂದ್ರ ಸರ್ಕಾರ 2025ರ ಬಜೆಟ್ಟಿನಲ್ಲಿ ಇದಕ್ಕೆ 20,000 ಕೋಟಿ ರೂಪಾಯಿ ಘೋಷಿಸಿ, 2033ರೊಳಗೆ ಕನಿಷ್ಠ 5 ಚಿಕ್ಕ ಸ್ಥಾವರ ನಡೆಸುತ್ತೇವೆ ಎಂದಿದೆ. ಬೇಡವೆನ್ನಲು ನಾವೇನು ಕತ್ತಲೆಯ ಭಕ್ತರಲ್ಲ. ಆದರೆ ಲೆಕ್ಕ ಕೇಳಬೇಡವೇ?

'ಭಾರತ್ ಸ್ಮಾಲ್ ರಿಯಾಕ್ಟರ್' ಅಂದರೆ 220 ಮೆಗಾವಾಟ್. ನಮ್ಮ ಕೈಗಾದಲ್ಲಿರುವ ನಾಲ್ಕೂ ಘಟಕಗಳು ಅದೇ 220ರ ಜಾತಿ. ಹಳೇ ಪುಸ್ತಕಕ್ಕೆ ಹೊಸ ರಕ್ಷಾಪುಟ! ಹಾಗೆಂದು ಕೈಗಾವನ್ನು ಸುಮ್ಮನೆ ಜರೆಯಲಾಗದು. ಅದರ ಒಂದನೇ ಘಟಕ 2018ರ ಕೊನೆಯವರೆಗೆ 962 ದಿನ ಎಡೆಬಿಡದೆ ಓಡಿ ವಿಶ್ವದಾಖಲೆ ಮಾಡಿತು. 1994ರಲ್ಲಿ ಕಟ್ಟುತ್ತಿರುವಾಗಲೇ ಗುಮ್ಮಟ ಕುಸಿದದ್ದೂ ಅಲ್ಲೇ. ಎರಡನ್ನೂ ನೆನಪಿಡಿ.

ಕಾರ್ಖಾನೆಯಲ್ಲೇ ತಯಾರಾಗಿ ಲಾರಿಯಲ್ಲಿ ಬರುವ ಹೊಸ ಬಗೆಯದರ ಕಥೆ ಬೇರೆ. ಅಮೆರಿಕದಲ್ಲಿ ನ್ಯೂಸ್ಕೇಲ್ ಕಂಪನಿ ಯೂಟಾ ಕಡೆಯ ಊರುಗಳಿಗಾಗಿ 462 ಮೆಗಾವಾಟ್ ಯೋಜನೆ ಹೂಡಿತ್ತು. ಯೂನಿಟ್ಟಿಗೆ 5.8 ಸೆಂಟ್ ಎಂದದ್ದು 8.9ಕ್ಕೆ ಏರಿತು. 2023ರ ನವೆಂಬರಿನಲ್ಲಿ ಯೋಜನೆಯೇ ರದ್ದು. ನಾನು ಪ್ರೆಸ್ಸಿನವನು, ಓಡುವುದನ್ನು ಕಣ್ಣಾರೆ ಕಾಣದ ಯಂತ್ರಕ್ಕೆ ಮುಂಗಡ ಕೊಡುವವನಲ್ಲ.

ಇನ್ನು ಬಿಸಿಲು. ಪಾವಗಡದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಇದೆ. ಕೈಗಾದ 880ರ ಎರಡು ಪಟ್ಟಿಗೂ ಹೆಚ್ಚು ಎಂದು ಬೀಗಬೇಡಿ. ಸೂರ್ಯ ಮುಳುಗಿದರೆ ಸೊನ್ನೆ! ವರ್ಷದ ಯೂನಿಟ್ ಎಣಿಸಿದರೆ ಕೈಗಾವೇ ಮುಂದೆ. ಜಮೀನನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದದ್ದು ಒಳ್ಳೆಯದೇ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಬಾಡಿಗೆ ಶುರುವಾಯಿತು. ಅದು ಪಹಣಿ ಇದ್ದವನ ಕೈಗೆ ಹೋಯಿತು. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ ಕೂಲಿಯವಳಿಗೆ ಏನು ಸಿಕ್ಕಿತು?

ರಾತ್ರಿಯ ಕರೆಂಟಿಗೆ ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಎನ್ನುತ್ತಾರೆ. ಸಿಂಗಳೀಕದ ಕಾಡಿಗೆ ಕೊಡಲಿ ಹಾಕಿ ತಂದದ್ದನ್ನು ಹಸಿರು ಎನ್ನಲು ನಾಲಗೆ ಹೊರಳುವುದಿಲ್ಲ.

ನಮ್ಮ ಮಾತಿಷ್ಟು. ರೈತನ ಪಂಪ್‌ಸೆಟ್ಟಿಗೆ ಬೇಕಾದದ್ದು ಹಗಲಿನ ಕರೆಂಟು. ಕುಸುಮ್ ಯೋಜನೆಯಂತೆ ಉಪಕೇಂದ್ರದ ಪಕ್ಕದಲ್ಲೇ ಸೌರಫಲಕ ಹಾಕಿದರೆ ಆ ಕೆಲಸ ಆಗುತ್ತದೆ. ಮಾಳಿಗೆಗಳ ಮೇಲೂ ಹಾಕಲಿ, ಸಂಜೆಯ ನಾಲ್ಕು ತಾಸಿಗೆ ಬ್ಯಾಟರಿ ಇಡಲಿ. ತಾಲ್ಲೂಕು ಮಟ್ಟಕ್ಕೆ ಇದೇ ಸರಿ. ಓಡುತ್ತಿರುವ ಕೈಗಾ ಓಡಲಿ.

ಅಷ್ಟರ ಮೇಲೂ ಚಿಕ್ಕ ಸ್ಥಾವರದ ನಕ್ಷೆ ಹಿಡಿದು ಯಾರಾದರೂ ನಿಮ್ಮೂರಿಗೆ ಬಂದರೆ, ಮೂರು ಪ್ರಶ್ನೆ ಕೇಳಿ. ತಣಿಸಲು ನೀರು ಯಾವ ಹೊಳೆಯದು? ಉರಿದುಳಿದ ಇಂಧನ ಎಷ್ಟು ವರ್ಷ ಎಲ್ಲಿಡುತ್ತೀರಿ? ಯೂನಿಟ್ಟಿಗೆ ಎಷ್ಟು? ಉತ್ತರ ಕನ್ನಡದಲ್ಲಿರಲಿ, ಸಹಿ ಹಾಕಿದ ಕಾಗದದಲ್ಲಿರಲಿ.