ಡ್ರಮ್ಮು ಯಾರ ಹೆಸರಿನಲ್ಲಿರಬೇಕು?

ಬೀದರ್ ಜಿಲ್ಲೆಯ ಹಳ್ಳಿಖೇಡ (ಬಿ)ಯಂಥ ಊರಿನಲ್ಲಿ ಇಪ್ಪತ್ತು-ಮೂವತ್ತು ಹುಡುಗ ಹುಡುಗಿಯರು ಸೇರಿ ಒಂದು ಬ್ಯಾಂಡು ಕಟ್ಟುವುದು ದೊಡ್ಡ ಮಾತಲ್ಲ. ಹಲಗೆಯ ಬಡಿತ ಇಲ್ಲಿನ ಕಿವಿಗೆ ಹೊಸದಲ್ಲ. ಜನವರಿ 26ರ ಪಥಸಂಚಲನ, ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ, ಬಸವ ಜಯಂತಿ, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ, ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ, ಹೀಗೆ ನುಡಿಸುವ ಸಂದರ್ಭಗಳಿಗೂ ಬರವಿಲ್ಲ. ತೊಡಕು ಶುರುವಾಗುವುದು ಆಮೇಲೆ. ವಂತಿಗೆ ಎತ್ತಿ ತಂದ ಟ್ರಂಪೆಟ್ಟು, ಸೈಡ್ ಡ್ರಮ್ಮುಗಳು ಯಾರ ಮನೆಯಲ್ಲಿವೆಯೋ ಅವರವೇ ಆಗಿಬಿಡುತ್ತವೆ. ರೊಕ್ಕ ಒಬ್ಬರ ಸ್ವಂತ ಖಾತೆಯಲ್ಲಿರುತ್ತದೆ. ಅವರು ಊರು ಬಿಟ್ಟರೆ, ಮುನಿಸಿಕೊಂಡರೆ, ತೀರಿಕೊಂಡರೆ ಬ್ಯಾಂಕಿನ ಮುಂದೆ ನಿಂತು ಕೇಳುವ ಹಕ್ಕು ಉಳಿದವರಲ್ಲಿ ಯಾರಿಗೂ ಇರುವುದಿಲ್ಲ.

ನಮಗೆ ಗೊತ್ತಿರುವ ಬ್ಯಾಂಡುಗಳು ಬಹುಪಾಲು ಎರಡು ಬಗೆಯವು. ಮೈಸೂರು ದಸರೆಯಲ್ಲಿ ನುಡಿಸುವ ಪೊಲೀಸ್ ಬ್ಯಾಂಡು ಸರ್ಕಾರದ್ದು. ಮದುವೆಯ ಮೆರವಣಿಗೆಗೆ ಬರುವ ಬ್ಯಾಂಡು ಮಾಲೀಕರದು. ಊರವರೇ ಕಟ್ಟಿ, ಊರವರೇ ನಡೆಸುವ ಮೂರನೆಯ ಬಗೆಗೆ ಸಿದ್ಧ ಅಚ್ಚು ಇಲ್ಲದ್ದರಿಂದ ಅದಕ್ಕೆ ತಕ್ಕ ಕಾನೂನಿನ ರೂಪವನ್ನು ಆರಿಸಿಕೊಳ್ಳಬೇಕಾಗುತ್ತದೆ. ಆರಿಸುವಾಗ ಕೇಳಬೇಕಾದ ಮುಖ್ಯ ಪ್ರಶ್ನೆ ಯಾವುದಕ್ಕೆ ಖರ್ಚು ಕಡಿಮೆ ಎಂಬುದಲ್ಲ. ನುಡಿಸುವವರಿಗೆ ಮತ ಇದೆಯೇ ಎಂಬುದು.

ಹಿರಿಯರು ಸಾಮಾನ್ಯವಾಗಿ ಮೊದಲು ಹೇಳುವುದು ಟ್ರಸ್ಟ್. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಟ್ರಸ್ಟ್ ಪತ್ರ ನೋಂದಾಯಿಸಿದರೆ ಕೆಲಸ ಸುಲಭವಾಗಿ ಮುಗಿಯುತ್ತದೆ, ವರ್ಷವರ್ಷದ ಚುನಾವಣೆಯ ಗೊಡವೆಯೂ ಇರುವುದಿಲ್ಲ. ಜಮೀನು ದಾನ ಕೊಟ್ಟು, ಅದರ ಉತ್ಪನ್ನದಿಂದ ದಾಸೋಹವೋ ವಿದ್ಯಾರ್ಥಿವೇತನವೋ ನಡೆಯಬೇಕೆನ್ನುವವರಿಗೆ ಇದು ಒಳ್ಳೆಯ ರೂಪ. ಬ್ಯಾಂಡಿಗೆ ಒಗ್ಗುವುದು ಕಷ್ಟ. ಟ್ರಸ್ಟಿನಲ್ಲಿ ತೀರ್ಮಾನ ಟ್ರಸ್ಟಿಗಳದು. ಬಿಸಿಲಲ್ಲಿ ಮೈಲಿಗಟ್ಟಲೆ ಡ್ರಮ್ಮು ಹೊತ್ತು ನಡೆದವರನ್ನು ಕೇಳಲೇಬೇಕೆಂದು ಕಾನೂನು ಹೇಳುವುದಿಲ್ಲ. ಪತ್ರದಲ್ಲಿ ಬರೆದುಕೊಂಡರೆ ಕೇಳಬಹುದು. ಆದರೆ ಬರೆಸುವವರು ದುಡ್ಡು ಹಾಕಿದವರು.

ಸಂಘದ ದಾರಿ ಬೇರೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ 18 ವರ್ಷ ದಾಟಿದ ಏಳು ಜನ ಸೇರಿದರೆ ಸಾಕು. ಉದ್ದೇಶಗಳನ್ನು ಹೇಳುವ ಜ್ಞಾಪನಾ ಪತ್ರ ಮತ್ತು ನಿಯಮಾವಳಿ ಬರೆದು ಸಹಕಾರ ಇಲಾಖೆಯ ಜಿಲ್ಲಾ ಕಚೇರಿಗೆ, ಎಂದರೆ ಬೀದರಿಗೆ, ಸಲ್ಲಿಸಬೇಕು. ಲಲಿತಕಲೆಗಳ ಪ್ರೋತ್ಸಾಹ ಈ ಕಾಯ್ದೆ ಒಪ್ಪುವ ಉದ್ದೇಶಗಳಲ್ಲೇ ಸೇರಿದೆ. ನೋಂದಣಿಯಾದ ಮೇಲೆ ವಾದ್ಯಗಳು ಸಂಘದ ಆಸ್ತಿ, ಖಾತೆ ಸಂಘದ ಹೆಸರಿನದು, ಸಂಘದ ಸಾಲಕ್ಕೆ ಸದಸ್ಯರ ಹೊಲಮನೆ ಹೊಣೆಯಲ್ಲ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಲೇಬೇಕು. ಆಡಳಿತ ಮಂಡಳಿ ದಾರಿ ತಪ್ಪಿತೆನ್ನಿಸಿದರೆ ಸದಸ್ಯರಲ್ಲಿ ಮೂರನೇ ಒಂದು ಭಾಗ ಜನ ಅರ್ಜಿ ಕೊಟ್ಟು ನೋಂದಣಾಧಿಕಾರಿಯಿಂದ ವಿಚಾರಣೆ ಮಾಡಿಸಬಹುದು. ಕನ್ನಡ ಸಾಹಿತ್ಯ ಪರಿಷತ್ತು ನೋಂದಣಿಯಾಗಿರುವುದೂ ಇದೇ ಕಾಯ್ದೆಯಡಿ. ಅಲ್ಲಿನ ಚುನಾವಣೆಯ ಬಿಸಿಯನ್ನು ಕಂಡವರಿಗೆ ಸದಸ್ಯರ ಮತ ಎಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಸಂಘದ ಕಾಯಿಲೆ ಎಲ್ಲಿದೆ ಎಂಬುದನ್ನೂ ಹೇಳಬೇಕು. ನೋಂದಣಿಯ ದಿನ ಫೋಟೋ ತೆಗೆಸಿಕೊಂಡು, ಆಮೇಲೆ ಪದಾಧಿಕಾರಿಗಳ ಪಟ್ಟಿಯನ್ನೂ ಪರಿಶೋಧಿತ ಲೆಕ್ಕವನ್ನೂ ಸಲ್ಲಿಸದೆ ಬಿಡುವ ಸಂಘಗಳು ಊರೂರಿಗೂ ಇವೆ. ಮುಂದೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯಕ್ಕೆ ಅರ್ಜಿ ಹಾಕುವ ಹೊತ್ತಿಗೆ ಈ ಕಾಗದಗಳೇ ಬೇಕಾಗುತ್ತವೆ. ಲೆಕ್ಕ ಬರೆಯುವ ಒಬ್ಬರು ಸಿಗದಿದ್ದರೆ ನೋಂದಣಿಗೆ ಆತುರಪಡಬೇಡಿ ಎಂದೇ ನನ್ನ ಸಲಹೆ.

ಸಹಕಾರ ಸಂಘವನ್ನು ಹಳ್ಳಿಖೇಡದವರಿಗೆ ಪರಿಚಯಿಸಬೇಕಿಲ್ಲ. ಬೀದರ್ ಸಹಕಾರಿ ಸಕ್ಕರೆ ಕಾರ್ಖಾನೆ ಇದೇ ಊರಿನಲ್ಲಿದೆ, ಷೇರು ಪತ್ರ ಕಬ್ಬು ಬೆಳೆದ ಮನೆಗಳಲ್ಲಿದೆ. ಅಲ್ಲಿ ಸದಸ್ಯತ್ವದ ಬೆನ್ನಿಗೆ ಷೇರು ಇರುತ್ತದೆ, ಲಾಭ ಬಂದರೆ ಹಂಚಿಕೆಯೂ ಇರುತ್ತದೆ. ಹಾಗಾಗಿ ಬ್ಯಾಂಡನ್ನೇ ಹೊಟ್ಟೆಪಾಡು ಮಾಡಿಕೊಂಡು ಮದುವೆ ಸೀಸನ್ನಿನಲ್ಲಿ ದುಡಿಯುವ ಕಲಾವಿದರಿಗೆ ಸಹಕಾರ ಸಂಘವೋ ಪಾಲುದಾರಿಕೆಯೋ ಹೆಚ್ಚು ಪ್ರಾಮಾಣಿಕವಾದ ರೂಪ. ಸಹಕಾರಕ್ಕೆ ಬೇರೆ ಬೇರೆ ಕುಟುಂಬಗಳ ಹತ್ತು ಜನವಾದರೂ ಬೇಕು. ಪಾಲುದಾರಿಕೆಗೆ ಇಬ್ಬರು ಸಾಕು, ಆದರೆ ಅದರ ಸಾಲ ಪಾಲುದಾರರ ಸ್ವಂತ ಮನೆಗೂ ತಟ್ಟುತ್ತದೆ. 1960ರ ಕಾಯ್ದೆಯ ಸಂಘದಲ್ಲಿ ಲಾಭವನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಸಂಘ ಮುಚ್ಚಿದರೂ ಉಳಿದ ಆಸ್ತಿ ಅಂಥದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ಹೋಗಬೇಕು. ಊರ ಬ್ಯಾಂಡಿಗೆ ಇದು ಕೊರತೆಯಲ್ಲ, ರಕ್ಷಣೆ. ಕಂಪನಿ ಕಾಯ್ದೆಯ 8ನೇ ಸೆಕ್ಷನ್ನಿನ ಲಾಭರಹಿತ ಕಂಪನಿಯೂ ಒಂದಿದೆ. ಅದರ ವಾರ್ಷಿಕ ಕಾಗದಪತ್ರದ ಖರ್ಚು ನೋಡಿದರೆ ನಮ್ಮ ಕಡೆಯ ಬ್ಯಾಂಡಿಗೆ ಅದು ಬೇಡ.

ಕಾರ್ಖಾನೆಯ ಮಾತು ಬಂದದ್ದರಿಂದ ಇನ್ನೊಂದು ಊರು ನೆನಪಾಗುತ್ತದೆ. ಇಂಗ್ಲೆಂಡಿನ ಗ್ರೈಮ್‌ಥೋರ್ಪ್ ಕಲ್ಲಿದ್ದಲು ಗಣಿಯ ಊರು. ಅಲ್ಲಿ 1917ರಲ್ಲಿ ಹುಟ್ಟಿದ ಹಿತ್ತಾಳೆ ವಾದ್ಯಗಳ ಬ್ಯಾಂಡು, 1993ರಲ್ಲಿ ಗಣಿ ಮುಚ್ಚಿದ ಮೇಲೂ ಉಳಿಯಿತು. ಪೋಷಕರು ಇಲ್ಲವಾದ ಮೇಲೂ ನಮ್ಮ ಬ್ಯಾಂಡು ಹಾಗೆ ಉಳಿಯಬೇಕೆಂದರೆ, ದಾನಿ ಇರಲಿ, ಕಾರ್ಖಾನೆ ಇರಲಿ, ರಾಜಕಾರಣಿಯೇ ಇರಲಿ, ವಾದ್ಯ ಕೊಡಿಸಿದವರಿಗೆ ಕೈಮುಗಿದು ರಸೀದಿಯನ್ನು ಸಂಘದ ಹೆಸರಿಗೇ ಬರೆಸಿಕೊಳ್ಳಬೇಕು.

ನಿಯಮಾವಳಿ ಬರೆಯುವಾಗ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ಕೂರುವುದು ಸದಸ್ಯತ್ವದ ಕಲಮಿನ ಮುಂದೆ. ನಮ್ಮ ಭಾಗದಲ್ಲಿ ಹಲಗೆ ನುಡಿಸುತ್ತ ಬಂದವರು ದಲಿತ ಕೇರಿಯವರು. ಅವರ ಕೈಯ ಲಯವನ್ನು ಬ್ಯಾಂಡಿಗೆ ಕರೆತಂದು, ಅವರನ್ನು ದಿನಗೂಲಿಯವರಂತೆ ಹೊರಗಿಟ್ಟು, ಸಮವಸ್ತ್ರ ತೊಟ್ಟವರಷ್ಟೇ ಸದಸ್ಯರಾದರೆ ಅದು ಊರ ಬ್ಯಾಂಡಲ್ಲ. ಕಾಯಕದವರನ್ನೇ ಅನುಭವ ಮಂಟಪದಲ್ಲಿ ಕೂರಿಸಿದ ಬಸವಕಲ್ಯಾಣ ಪಕ್ಕದಲ್ಲೇ ಇರುವಾಗ ಇದು ಇನ್ನಷ್ಟು ಚುಚ್ಚುತ್ತದೆ. ನುಡಿಸುವ ಪ್ರತಿಯೊಬ್ಬ ವಯಸ್ಕರಿಗೂ ಸದಸ್ಯತ್ವ, ವಾರ್ಷಿಕ ಶುಲ್ಕ ಒಂದು ದಿನದ ಕೂಲಿಗಿಂತ ಕಡಿಮೆ, ಹಿರಿಯ ಕಲಾವಿದರಿಗೆ ಕಲಿಸಿದ್ದಕ್ಕೆ ಗೌರವಧನ, ಇಷ್ಟನ್ನು ಮೊದಲ ದಿನವೇ ಬರೆಯಬೇಕು. 18 ತುಂಬದ ಶಾಲಾ ಮಕ್ಕಳು ನುಡಿಸಬಹುದು, ಪಾಲಕರ ಲಿಖಿತ ಒಪ್ಪಿಗೆ ಇರಲಿ.

ನೋಂದಣಿಯಿಂದ ಎಲ್ಲವೂ ಸಿಕ್ಕಿತೆಂದು ತಿಳಿಯಬಾರದು. ಆದಾಯ ತೆರಿಗೆ ವಿನಾಯಿತಿಗೆ ಬೇರೆಯದೇ ಅರ್ಜಿ ಬೇಕು. ಗಲ್ಫಿನಲ್ಲಿ ದುಡಿಯುವ ಊರಿನ ಮಗ ಭಾರತದ ಪಾಸ್‌ಪೋರ್ಟಿನವನಾಗಿ ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ ಹಣ ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರತ್ವ ಪಡೆದ ನೆಂಟರು ಕಳಿಸಿದರೆ ವಿದೇಶಿ ದೇಣಿಗೆ ಕಾಯ್ದೆ ಅಡ್ಡ ಬರುತ್ತದೆ, ಅನುಮತಿಯಿಲ್ಲದೆ ಮುಟ್ಟಬೇಡಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಶಬ್ದ ನಿಯಮ ಎಲ್ಲರಿಗೂ ಒಂದೇ. ಸಿನಿಮಾ ಹಾಡು ನುಡಿಸುವ ವಿಚಾರದಲ್ಲಿ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಉದಾರವಾಗಿದೆ. ಹವ್ಯಾಸಿ ಸಂಘವು ಟಿಕೆಟ್ ಇಲ್ಲದೆ ನುಡಿಸಿದರೆ ಅದು ಉಲ್ಲಂಘನೆಯಲ್ಲ, ಮದುವೆಯ ಮೆರವಣಿಗೆಗೂ ರಿಯಾಯಿತಿ ಇದೆ. ಟಿಕೆಟ್ ಇಟ್ಟ ಕಾರ್ಯಕ್ರಮಕ್ಕೆ ಈ ರಿಯಾಯಿತಿ ನಿಲ್ಲುವುದಿಲ್ಲ.

ಬೀದರಿಗೆ ಹೋಗುವ ಮೊದಲು ಊರಲ್ಲೇ ಮಾಡಬೇಕಾದ ಕೆಲಸ ಬೇಕಾದಷ್ಟಿದೆ. ಒಂದು ಸಭೆ ಕರೆದು ಠರಾವು ಬರೆಯಬೇಕು. ಖಾತೆಗೆ ಇಬ್ಬರ ಸಹಿ ಕಡ್ಡಾಯ ಮಾಡಬೇಕು. ಒಂದು ರಿಜಿಸ್ಟರಿನಲ್ಲಿ ಪ್ರತಿ ವಾದ್ಯದ ನಂಬರು, ಬೆಲೆ, ಕೊಡಿಸಿದವರ ಹೆಸರು ಮತ್ತು ಈಗ ಯಾರ ಸುಪರ್ದಿಯಲ್ಲಿದೆ ಎಂಬುದನ್ನು ದಾಖಲಿಸಿ, ಒಯ್ದವರ ಸಹಿ ಹಾಕಿಸಿಕೊಳ್ಳಬೇಕು.